ಆರೈಕೆ ಮಾಡುವವರ ಜೊತೆ ಒಂದು ಕೌದಿ: ಎಲ್ಲಿಂದ ಶುರು, ಎಷ್ಟು ಖರ್ಚು, ಎಲ್ಲಿ ಎಡವುತ್ತದೆ

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಒಂದು ಊರಲ್ಲಿ ಹೈಸ್ಕೂಲ್ ಡ್ರಾಯಿಂಗ್ ಟೀಚರ್. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಹತ್ತು ಹನ್ನೆರಡು ಹೆಣ್ಣುಮಕ್ಕಳು ನಮ್ಮ ಓಣಿಯ ಸುತ್ತಮುತ್ತಲೇ ಇದ್ದಾರೆ. ಅವರ ಜೊತೆ ಕೂತು, ಅವರವರ ಮನೆಯ ಹಳೆ ಬಟ್ಟೆಯಿಂದ ಒಂದು ದೊಡ್ಡ ಕೌದಿ ಮಾಡಬೇಕು, ಪ್ರೀತಿ, ಆರೈಕೆ ಬಗ್ಗೆ ಅವರು ಆಡುವ ಮಾತು ಅದರಲ್ಲಿ ಬರಬೇಕು ಅನ್ನುವ ಆಸೆ. ಎಷ್ಟು ದಿನ, ಎಷ್ಟು ಬಟ್ಟೆ, ಎಷ್ಟು ದುಡ್ಡು ಬೇಕು? ಫೋಟೊ, ರೆಕಾರ್ಡಿಂಗ್ ಮಾಡಬಹುದಾ? ಕೊನೆಗೆ ಕೌದಿ ಯಾರದ್ದು? ಇದನ್ನು ಕಲೆ ಅಂತಾರಾ, ಕರಕುಶಲ ಅಂತಾರಾ?

ಉತ್ತರ: ನೀವು ಬಟ್ಟೆಯ ಲೆಕ್ಕ ಕೇಳಿದ್ದೀರಿ, ಕೊಡುತ್ತೇನೆ. ಅದಕ್ಕೂ ಮೊದಲು ಗಡಿಯಾರದ ಲೆಕ್ಕ ಆಗಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ ಮನೆ ಬಿಟ್ಟು ಎರಡು ತಾಸು ಹೊರಗೆ ಬರುವುದೇ ದೊಡ್ಡ ಕೆಲಸ. ಬೆಳಿಗ್ಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಮಾತ್ರೆ ಕೊಟ್ಟು, ಮಧ್ಯಾಹ್ನ ಊಟ ಮಾಡಿಸಿ, ಅವರು ಕಣ್ಣು ಮುಚ್ಚಿದ ಮೇಲೆ ಸಿಗುವ ಹೊತ್ತಷ್ಟೇ ಅವಳದ್ದು. ನೀವು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದರೆ, ಆರೈಕೆ ಮಾಡುವವರನ್ನು ಬಿಟ್ಟು ಓಣಿಯ ಉಳಿದವರೆಲ್ಲ ಬರುತ್ತಾರೆ. ಹಾಗಾಗಿ ಮೊದಲ ವಾರ ಸೂಜಿ ದಾರ ಮುಟ್ಟಬೇಡಿ. ಹನ್ನೆರಡು ಮನೆಗೂ ಹೋಗಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಕೈ ಖಾಲಿ ಇರುತ್ತದೆ, ಆಗ ಹಿರಿಯರ ಹತ್ತಿರ ಯಾರು ಕೂರಬಹುದು ಎಂದು ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಹೊಂದುತ್ತದೆ. ನಾಲ್ಕೈದು ಮನೆಯಲ್ಲಾದರೂ ಬದಲಿಗೆ ಕೂರುವವರು ಯಾರೂ ಇರುವುದಿಲ್ಲ. ಆ ಮನೆಗಳಿಗೆ ಬದಲಿ ಆಳು ಗೊತ್ತು ಮಾಡಿ ಕೂಲಿ ಕೊಡುವುದು ನಿಮ್ಮ ಕಲಾಕೃತಿಯ ಮೊದಲ ತೀರ್ಮಾನ. ಇದನ್ನು ಓಡಾಟದ ಖರ್ಚಿನ ಹಾಗೆ ಕೊನೆಗೆ ನೋಡಿಕೊಳ್ಳೋಣ ಅಂದವರ ಕೆಲಸ ಅರ್ಧಕ್ಕೇ ನಿಂತು ಹೋಗುತ್ತದೆ.

ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವರಿಂದ ಮಾಹಿತಿ ತಗೊಳ್ಳಿ, ಆದರೆ ಕರೆ ಅವರ ಬಾಯಿಂದ ಬರುವುದು ಬೇಡ. ಔಷಧಿ, ಅರ್ಜಿ, ಪಿಂಚಣಿಯ ಕಾಗದ ಅಂತ ಅವರ ಮೇಲೆ ಅವಲಂಬಿಸಿದ ಮನೆಯವರು ಬರಲ್ಲ ಅನ್ನಲಾರರು. ಮನಸ್ಸಿಲ್ಲದೆ ಬಂದವರು ಎರಡನೇ ಸಲಕ್ಕೆ ತಪ್ಪಿಸಿಕೊಳ್ಳುತ್ತಾರೆ, ಮೂರನೇ ಸಲಕ್ಕೆ ನಿಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಜಾಗದ ವಿಷಯವನ್ನು ಹಗುರವಾಗಿ ತಗೋಬೇಡಿ. ದೇವಸ್ಥಾನದ ಸಮುದಾಯ ಭವನ ಪುಕ್ಕಟೆ ಸಿಗುತ್ತದೆ, ಆದರೆ ಅಲ್ಲಿಗೆ ಯಾರು ಬರಲು ಹಿಂಜರಿಯುತ್ತಾರೆ ಎಂಬುದು ನಿಮ್ಮ ಊರಿಗೆ ಗೊತ್ತು. ಯಾರದ್ದಾದರೂ ಮನೆಯ ಪಡಸಾಲೆಯಾದರೂ ಅದೇ ತೊಂದರೆ. ಶಾಲೆಯ ಕೋಣೆ ಅಥವಾ ಗ್ರಂಥಾಲಯ ವಾಸಿ. ಚಹಾದ ಲೋಟ ಎಲ್ಲರಿಗೂ ಒಂದೇ ತರಹದ್ದಿರಲಿ, ತೊಳೆಯುವ ಪಾಳಿ ಎಲ್ಲರಿಗೂ ಬರಲಿ. ಯಾರ ಮನೆಯ ಬಟ್ಟೆಯ ಪಕ್ಕ ಯಾರ ಮನೆಯದು ಬರುತ್ತದೆ ಎಂಬ ಮಾತು ಕೌದಿ ಹೊಲಿಯುವಾಗ ಬಂದೇ ಬರುತ್ತದೆ. ತುಂಡುಗಳನ್ನು ಚೀಟಿ ಎತ್ತಿ ಜೋಡಿಸುವುದಾಗಿ ಮೊದಲ ದಿನವೇ ಹೇಳಿಬಿಟ್ಟರೆ ಆ ಮಾತು ಅಲ್ಲೇ ನಿಲ್ಲುತ್ತದೆ. ಇನ್ನೊಂದು: ಶುರುವಿನ ದಿನ ಅರಿಶಿನ ಕುಂಕುಮ ಹಂಚಬೇಡಿ. ಬರುವವರಲ್ಲಿ ಗಂಡ ತೀರಿಕೊಂಡವರು ಇರುತ್ತಾರೆ, ಅವರ ಮುಂದೆ ತಟ್ಟೆ ಹಾದುಹೋಗುವ ಆ ಒಂದು ಕ್ಷಣ ಸಾಕು, ಮುಂದಿನ ಮೂರು ತಿಂಗಳ ಮಾತಿಗೆ ಬಾಗಿಲು ಹಾಕಿದಂತೆ.

ಈಗ ಬಟ್ಟೆ. ಒಬ್ಬರು ಹೊದ್ದುಕೊಳ್ಳುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸಾಕು. ಹೊಲಿಯುತ್ತ ಹೋದಂತೆ ಬಟ್ಟೆ ಮುದುಡುವುದರಿಂದ ಅಗಲಕ್ಕೂ ಉದ್ದಕ್ಕೂ ಒಟ್ಟು 4 ಇಂಚಿನಂತೆ ಹೆಚ್ಚಿಟ್ಟು, 64 ಇಂಚು, 88 ಇಂಚಿಗೆ ಕತ್ತರಿಸಿ. ಹಳೆ ನೂಲಿನ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚು ಅಗಲ ಇರುತ್ತದೆ. 88 ಇಂಚಿನ ಎರಡು ತುಂಡು ಅಕ್ಕಪಕ್ಕ ಜೋಡಿಸಿದರೆ ಒಂದು ಪದರ ಆಗುತ್ತದೆ, ಮೇಲೆ ಒಂದು ಮೀಟರ್ ಉಳಿಯುತ್ತದೆ, ಅದು ಅಂಚಿಗೆ ಬೇಕು. ಕೆಳಗಿನ ಪದರಕ್ಕೆ ಒಂದು ಸೀರೆ, ನಡುವಿನ ಎರಡು ಪದರಕ್ಕೆ ಎರಡು ಸೀರೆ ಅಥವಾ ಧೋತರ, ಮೇಲೆ ಮನೆಮನೆಯ ತುಂಡುಗಳು. ಒಟ್ಟು ನಾಲ್ಕು ಪದರ. ಇದಕ್ಕಿಂತ ದಪ್ಪವಾದರೆ ಹೊಸಬರ ಬೆರಳು ಸೋಲುತ್ತವೆ. ಸಾಲಿನಿಂದ ಸಾಲಿಗೆ ಒಂದು ಇಂಚು ಬಿಟ್ಟು ಹೊಲಿದರೆ ಇಡೀ ಕೌದಿಗೆ ಸುಮಾರು 420 ಅಡಿ ಹೊಲಿಗೆ ಬೀಳುತ್ತದೆ. ಎರಡೆಳೆ ಹಾಕಿ, ಗಂಟಿಗೆ, ಕತ್ತರಿಸಿ ಹೋಗುವುದಕ್ಕೆ ಅಂತ ಸೇರಿಸಿ 400 ಮೀಟರ್ ನೂಲು ತಂದಿಟ್ಟುಕೊಳ್ಳಿ.

ನೂಲು ಹತ್ತಿಯದ್ದೇ ಆಗಿರಲಿ. ಗಟ್ಟಿ ಇರಲಿ ಅಂತ ನೈಲಾನ್ ದಾರ ತಂದರೆ, ಸವೆದ ಬಟ್ಟೆಯನ್ನು ಅದು ಚಾಕುವಿನಂತೆ ಕೊಯ್ಯುತ್ತದೆ. ಮೊದಲ ಒಗೆತಕ್ಕೇ ಹೊಲಿಗೆಯುದ್ದಕ್ಕೂ ಸೀಳು ಕಾಣುತ್ತದೆ. ಹರಿದರೆ ದಾರ ಹರಿಯಬೇಕು, ಬಟ್ಟೆ ಹರಿಯಬಾರದು. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಪದರ ಒಂದರ ಮೇಲೊಂದು ನಿಲ್ಲುವುದಿಲ್ಲ. ಆದರೂ ಯಾರಾದರೂ ಅತ್ತೆಯ ಪಾಲಿಯೆಸ್ಟರ್ ಸೀರೆಯನ್ನೇ ತಂದರೆ ಬೇಡ ಅನ್ನಬೇಡಿ. ಅಂಗೈಯಷ್ಟು ತುಂಡು ತಗೊಂಡು, ಹಿಂದೆ ತೆಳು ಮಲ್ ಬಟ್ಟೆ ಕೊಟ್ಟು ಮೇಲೆ ಕೂರಿಸಿ. ಜೀನ್ಸ್‌ನಂಥ ದಪ್ಪ ಬಟ್ಟೆಯನ್ನು ಸವೆದ ಸೀರೆಯ ಪಕ್ಕ ಹಾಕಿದರೆ ಅದರ ಭಾರಕ್ಕೆ ಸೀರೆ ಎಳೆದು ಪಿಸಿಯುತ್ತದೆ. ದಪ್ಪದ್ದನ್ನು ದಪ್ಪದ್ದರ ಪಕ್ಕಕ್ಕೇ ಇಡಿ.

ರೋಗಿಯ ಕೋಣೆಯಿಂದ ಬರುವ ಬಟ್ಟೆಯನ್ನು ಬಿಸಿನೀರು, ಸೋಪಿನಲ್ಲಿ ನೆನೆಸಿ ಒಗೆದು, ಎರಡು ಬಿಸಿಲು ಒಣಗಿಸಿ. ಬಣ್ಣ ಬಿಡುತ್ತದೆಯೇ ಅಂತ ನೋಡಲು ಒದ್ದೆ ತುದಿಯನ್ನು ಬಿಳಿ ಬಟ್ಟೆಗೆ ಒತ್ತಿ ಹಿಡಿಯಿರಿ. ಬಿಟ್ಟರೆ ಉಪ್ಪುನೀರಿನ ಭರವಸೆ ಬೇಡ, ಬಣ್ಣ ನಿಲ್ಲುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರೆ ಪಿಸಿಯುವ ಬಟ್ಟೆಗೂ ಮಲ್ ಆಸರೆ ಬೇಕು. ತೀರಿಕೊಂಡವರ ಬಟ್ಟೆಯ ವಿಷಯದಲ್ಲಿ ಪ್ರತಿ ಮನೆಯ ನಂಬಿಕೆ ಬೇರೆ. ಕೆಲವರಿಗೆ ಅದನ್ನು ಹೊದಿಯುವುದೇ ನೆಮ್ಮದಿ, ಕೆಲವರಿಗೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಸಲ್ಲದು. ಕೇಳದೆ ಕತ್ತರಿ ಹಾಕಬೇಡಿ. ಎಲ್ಲಿ ಕತ್ತರಿಸುವುದು ಅಂತ ತಂದವರೇ ತೋರಿಸಲಿ, ಕತ್ತರಿಯನ್ನೂ ಅವರ ಕೈಗೇ ಕೊಡಿ. ಉಳಿದ ಬಟ್ಟೆ ಅವತ್ತೇ ಮಡಿಸಿ ಅವರ ಕೈ ಸೇರಬೇಕು.

ತುಂಡುಗಳಿಗೆ ಅಳತೆ ಕೊಡಬೇಕೇ? ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಎಲ್ಲರಿಗೂ ಒಂದೇ ಅಳತೆ ಎಂಬ ಪದ್ಧತಿ ಅಮೆರಿಕದ ಏಡ್ಸ್ ಸ್ಮಾರಕ ಕ್ವಿಲ್ಟ್‌ನದು (ಕ್ವಿಲ್ಟ್ ಅಂದರೆ ಅವರ ಕಡೆಯ ಕೌದಿ). 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಆ ಕೆಲಸಕ್ಕೆ ತೀರಿಕೊಂಡ ಒಬ್ಬೊಬ್ಬರಿಗೆ 3 ಅಡಿ, 6 ಅಡಿಯ ಒಂದು ತುಂಡು. ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಎಂಟು ತುಂಡು ಸೇರಿ 12 ಅಡಿಯ ಒಂದು ಚೌಕ. ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಒಬ್ಬರಿಗೊಬ್ಬರು ಗುರುತಿಲ್ಲದ ಜನ ದೂರದೂರಿಂದ ಕಳಿಸುವ ಬಟ್ಟೆ ಒಂದಕ್ಕೊಂದು ಕೂಡಬೇಕಾದರೆ ಅಳತೆ ಬೇಕೇ ಬೇಕು. ನೀವು ಹಾಗಲ್ಲ, ಒಂದೇ ಚಾಪೆಯ ಮೇಲೆ ಕೂಡುವವರು. ನಮ್ಮ ಕೌದಿಗೆ ಚೌಕದ ಹಂಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿ: ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ, ತುಂಡು ಇಟ್ಟು, ಅದರ ಅಂಚು ಮಡಿಸಿ, ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೇಲ್ಪದರ ಮೊದಲೇ ತಯಾರಿರುವುದಿಲ್ಲ, ಹೊಲಿದಷ್ಟು ಬೆಳೆಯುತ್ತದೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಫೂಲ, ಅಂದರೆ ಹೂ, ಕೂತರೇ ಕೆಲಸ ಪೂರ್ತಿ. ಅಂಗೈಗಿಂತ ದೊಡ್ಡದು, ಮೊಳಕ್ಕಿಂತ ಸಣ್ಣದು, ಇಷ್ಟು ಹೇಳಿದರೆ ಸಾಕು. ಮನೆಗೆ ಎರಡು ತುಂಡು, ನಡುವೆ ಖಾಲಿ ಉಳಿದ ಜಾಗಕ್ಕೆ ಸಾದಾ ಬಟ್ಟೆ.

ನಿಮ್ಮ ಊರಲ್ಲೇ ಕೌದಿ ಹೊಲಿಯುವ ಹಿರಿಯರೊಬ್ಬರು ಸಿಗುತ್ತಾರೆ. ಅವರನ್ನು ಸಹಾಯಕರು ಅಂತ ಕರೆಸಬೇಡಿ, ಹೊಲಿಗೆಯ ತೀರ್ಮಾನವೆಲ್ಲ ಅವರದ್ದು. ಅವರು ಹೇಳುವ ಕ್ರಮವೂ ನಾನು ಬರೆದದ್ದೂ ಬೇರೆಯಾದರೆ ಅವರದ್ದನ್ನೇ ಹಿಡಿಯಿರಿ.

ಹೊಲಿಗೆಯಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಪದರ ಸರಿಯುವುದು. ಮೂರು ಪದರವನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ತೀಡಿ, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟವರಿಗೆ ನಡುವೆ ಮುದ್ದೆಯಂಥ ಉಬ್ಬು ಬರುತ್ತದೆ, ಬಿಚ್ಚದೆ ದಾರಿಯಿಲ್ಲ. ಎರಡನೆಯದು ದಿಕ್ಕು. ಸುತ್ತ ಕೂತವರಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೊಲಿದರೆ ಎರಡು ಸಾಲು ಕೂಡುವಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಸಾಗಬೇಕು. 5 ಅಡಿ, 7 ಅಡಿಯ ಕೌದಿಯ ಸುತ್ತಳತೆ 24 ಅಡಿ, ಒಬ್ಬರಿಗೆ 3 ಅಡಿ ಜಾಗ ಬೇಕು, ಹಾಗಾಗಿ ಒಮ್ಮೆಗೆ ಎಂಟು ಮಂದಿ ಕೂರಬಹುದು. ಉಳಿದವರು ಸೂಜಿಗೆ ದಾರ ಪೋಣಿಸಲಿ, ತುಂಡಿನ ಅಂಚು ಮಡಿಸಿ ಉಗುರಿನಿಂದ ಗೆರೆ ಒತ್ತಲಿ. ಕಣ್ಣು ಮಂಜಾದವರಿಗೆ ಈ ಉಗುರಿನ ಕೆಲಸ ಚೆನ್ನಾಗಿ ಒಗ್ಗುತ್ತದೆ. ನಡುವಿಗೆ ಬಂದಂತೆ ಕೌದಿಯ ಮೇಲೆಯೇ ಕೂತು ಹೊಲಿಯಬೇಕು, ಆಗ ನಾಲ್ಕು ಮಂದಿಗಿಂತ ಹೆಚ್ಚು ಹಿಡಿಸುವುದಿಲ್ಲ.

ಪಳಗಿದ ಕೈ ತಾಸಿಗೆ 12ರಿಂದ 15 ಅಡಿ ಹೊಲಿಯುತ್ತದೆ, ಮಾತಾಡುತ್ತ ಹೊಲಿಯುವ ಹೊಸಬರದು ಅದರ ಅರ್ಧ. ಹಾಗೆ ಲೆಕ್ಕ ಹಾಕಿದರೆ ಹೊಲಿಗೆಗೇ ಆರು ಸಲ ಕೂಡಬೇಕು. ಅದಕ್ಕೂ ಮೊದಲು ಎರಡು ಸಲ ಮಾತಿಗೆ, ಒಂದು ಸಲ ಬಟ್ಟೆ ಆರಿಸಿ ಹಾಸಲು. ಒಟ್ಟು ಒಂಬತ್ತು, ಹತ್ತು ದಿನಕ್ಕೊಮ್ಮೆ, ಮೂರು ತಿಂಗಳು. ಹಬ್ಬ, ಸುಗ್ಗಿ, ಮದುವೆ ಕಾಲ ತಪ್ಪಿಸಿ. ನಡುವೆ ಯಾರದ್ದಾದರೂ ಮನೆಯಲ್ಲಿ ಹಿರಿಯರು ತೀರಿಕೊಳ್ಳಬಹುದು, ಇದು ಮೊದಲೇ ತಿಳಿದಿರಬೇಕಾದ ಮಾತು. ಆಗ ಕೆಲಸ ನಿಲ್ಲಿಸಿ, ದಿನ ಕಳೆದ ಮೇಲೆ ಆ ಮನೆಯವರೇ ಹೇಳಿದ ಹೊತ್ತಿಗೆ ಮತ್ತೆ ಶುರು ಮಾಡಿ. ಆ ಮನೆಯ ಹೆಣ್ಣುಮಗಳ ತುಂಡಿನ ಜಾಗ, ಆಕೆ ಕೂರುವ ಜಾಗ ಖಾಲಿಯಾಗಿಯೇ ಇರಲಿ. ಬರದೇ ಇರುವ ಹಕ್ಕೂ ಆಕೆಗಿದೆ.

ದುಡ್ಡಿನ ಲೆಕ್ಕ ಹೀಗೆ. ಸೂಜಿ, ನೂಲು, ಅಂಗುಸ್ತಾನ, ಎರಡು ಕತ್ತರಿ, ಸೋಪು, ಮಲ್ ಬಟ್ಟೆ ಎಲ್ಲ ಸೇರಿ 2,000 ರೂಪಾಯಿ. ಹನ್ನೆರಡು ಮಂದಿಗೆ ಒಂಬತ್ತು ಸಲ, ಸಲಕ್ಕೆ 300ರಂತೆ ಗೌರವಧನ 32,400. ಐದು ಮನೆಗೆ ಬದಲಿ ಆಳು, ಸಲಕ್ಕೆ 400ರಂತೆ 18,000. ಕೌದಿ ಕಲಿಸುವ ಹಿರಿಯರಿಗೆ ಸಲಕ್ಕೆ 1,000ದಂತೆ 9,000. ಹದಿನೈದು ಮಂದಿಗೆ ಚಹಾ, ಚುರುಮುರಿ, ತಲೆಗೆ 30ರಂತೆ 4,050. ಒಟ್ಟು 65,450. ಬಟ್ಟೆ ಬರೆಯ ಖರ್ಚು ಎಷ್ಟು ಸಣ್ಣದು ನೋಡಿ, ಉಳಿದದ್ದೆಲ್ಲ ಜನರ ಹೊತ್ತಿನ ಬೆಲೆ. ಇಷ್ಟು ಹೊಂದದಿದ್ದರೆ ಗೌರವಧನ ಕಡಿಯಬೇಡಿ, ಕೌದಿಯನ್ನು ಸಣ್ಣದು ಮಾಡಿ. 3 ಅಡಿ, 4 ಅಡಿಯ ಕೂಸಿನ ಕೌದಿಗೆ 144 ಅಡಿ ಹೊಲಿಗೆ ಸಾಕು, ಮೂರನೇ ಒಂದು ಪಾಲು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ದುಡ್ಡು ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಈ ಹೆಣ್ಣುಮಕ್ಕಳು ದಿನಾ ಕೇಳುವ ಮಾತೂ ಅದೇ. ನಿಮ್ಮ ಕೆಲಸದಲ್ಲಾದರೂ ಅದು ಮತ್ತೆ ಕೇಳಿಸಬಾರದು.

ಇನ್ನು ಮಾತು. "ಪ್ರೀತಿ ಅಂದ್ರ ಏನ್ರಿ?" ಅಂತ ಕೇಳಿದರೆ ಒಳ್ಳೆಯ ಸೊಸೆಯ ಉತ್ತರ ಸಿಗುತ್ತದೆ: "ನಮ್ಮ ಪುಣ್ಯ, ಸೇವಾ ಮಾಡಾಕತ್ತೀವಿ." ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಭಾವನೆ ಕೇಳಬೇಡಿ, ಕೆಲಸ ಕೇಳಿ. ರಾತ್ರಿ ಎಷ್ಟು ಸಲ ಏಳ್ತೀರಿ? ಮಗ್ಗಲು ಹೊರಳಿಸುವಾಗ ಯಾವ ಕೈ ಎಲ್ಲಿ ಇಡ್ತೀರಿ? ಬೆಳಿಗ್ಗೆ ಮೊದಲು ಒಗೆಯೋ ಬಟ್ಟೆ ಯಾವುದು? ಗಂಜಿ ಎಷ್ಟು ತೆಳು ಇರಬೇಕು? ಇವಕ್ಕೆ ಉತ್ತರ ಹೇಳುತ್ತ ಹೇಳುತ್ತ ಸಿಟ್ಟು, ದಣಿವು, ಅಕ್ಕರೆ, ಅವಮಾನ ಎಲ್ಲ ತಾವಾಗಿ ಬರುತ್ತವೆ. ಬಟ್ಟೆಯ ಮೇಲೆ ಹೊಲಿಯುವ ಮಾತು ನಾಲ್ಕೈದು ಪದ ಮೀರದಿರಲಿ. ಅಕ್ಷರ ಒಂದು ಇಂಚಿಗಿಂತ ಸಣ್ಣದಾದರೆ ಒತ್ತಕ್ಷರ ತುಂಬಿಕೊಂಡು ಓದಲು ಬರುವುದಿಲ್ಲ. ಬರೆಯಲು ಬಾರದವರು ಗುರುತು ಹೊಲಿಯಲಿ: ಮಾತ್ರೆಯ ಸಾಲು, ಚಮಚ, ಕಿಟಕಿ. ಅತ್ತೆ ಸೊಸೆ ಒಂದೇ ಗುಂಪಿನಲ್ಲಿ ಬೇಡ. ಹೆಂಡತಿಯನ್ನೋ ತಾಯಿಯನ್ನೋ ನೋಡಿಕೊಳ್ಳುವ ಗಂಡಸರೂ ಊರಲ್ಲಿರುತ್ತಾರೆ, ಅವರನ್ನು ಬೇರೆ ದಿನ ಕೂಡಿಸಿ ಬಟ್ಟೆ ಪಡೆಯಿರಿ.

ಯಾರಾದರೂ ಅತ್ತರೆ ಸಮಾಧಾನದ ಭಾಷಣ ಬೇಡ, ನೀರು ಕೊಡಿ, ಹೊಲಿಗೆ ಮುಂದುವರಿಯಲಿ. ಕೈ ನಡೆಯುತ್ತಿದ್ದರೆ ಅಳುವವರ ಮೇಲೆ ಎಲ್ಲರ ಕಣ್ಣು ಬೀಳುವುದಿಲ್ಲ. ಆದರೆ ಹಿರಿಯರಿಗೆ ಹೊಡೆತ, ಉಪವಾಸ, ಆಸ್ತಿಯ ಬೆದರಿಕೆ ಇದೆ ಅಂತ ತಿಳಿದರೆ ಅದು ಕಲೆಯ ಸಾಮಗ್ರಿ ಅಲ್ಲ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಹೆಣ್ಣುಮಕ್ಕಳಿಗೆ 181 ಇವನ್ನು ಗೋಡೆಯ ಮೇಲೆ ಬರೆದು ಅಂಟಿಸಿರಿ. ನೀವು ಕೌನ್ಸೆಲರ್ ಅಲ್ಲ ಎಂಬುದನ್ನು ಮೊದಲ ದಿನವೇ ಹೇಳಿ.

ಫೋಟೊ, ರೆಕಾರ್ಡಿಂಗ್ ಮೊದಲ ಮೂರು ಸಲ ಬೇಡವೇ ಬೇಡ. ಆಮೇಲೆ ಕೈಗಳ ಫೋಟೊ, ಬಟ್ಟೆಯ ಫೋಟೊ ಸಾಕು. ಹಾಸಿಗೆಯಲ್ಲಿರುವವರ ಫೋಟೊ ತೆಗೆಯಬಾರದು, ಮನೆಯವರು ಒಪ್ಪಿದರೂ. ರೆಕಾರ್ಡಿಂಗಿಗೆ ಎರಡು ಸಲ ಒಪ್ಪಿಗೆ ಪಡೆಯಿರಿ: ಮಾತಿಗೆ ಮೊದಲು ಒಮ್ಮೆ, ಕೇಳಿಸಿದ ಮೇಲೆ ಒಮ್ಮೆ. ಮರೆವಿನ ಕಾಯಿಲೆ ಇರುವವರು ತಾವೇ ಒಪ್ಪಿಗೆ ಕೊಡಲಾರರು, ಮಗಳು ಸಹಿ ಹಾಕಿದ ಮಾತ್ರಕ್ಕೆ ಎಲ್ಲವನ್ನೂ ಬಳಸುವಂತಿಲ್ಲ. ಆ ಹಿರಿಯರು ಸ್ವಸ್ಥರಿದ್ದಾಗ ನಾಲ್ಕು ಜನರ ಮುಂದೆ ಹೇಳಲು ನಾಚುತ್ತಿದ್ದ ವಿಷಯ ಕೌದಿಯ ಮೇಲೆ ಬರಬಾರದು.

ಕಲೆಯೋ ಕರಕುಶಲವೋ ಅನ್ನುವ ಪ್ರಶ್ನೆ ನಿಮ್ಮನ್ನು ಕಾಡುವುದು ಅನುದಾನದ ಅರ್ಜಿ ತುಂಬುವಾಗ. ಬೇರೆ ಕಲಾವಿದರ ಹಿಂದಿನ ಕೆಲಸಗಳು ಧೈರ್ಯ ಕೊಡುತ್ತವೆ. ಮನೆ ಗುಡಿಸುವುದು, ಕೂಸಿನ ಬಟ್ಟೆ ಬದಲಿಸುವುದು ಕೂಡ ಕಲೆಯೇ ಎಂದು ಅಮೆರಿಕದ ಕಲಾವಿದೆ ಮಿಯೆರ್ಲೆ ಲೇಡರ್‌ಮನ್ ಯುಕೆಲೆಸ್ 1969ರಲ್ಲೇ ಒಂದು ಪ್ರಣಾಳಿಕೆ ಬರೆದರು. 1979–80ರಲ್ಲಿ ನ್ಯೂಯಾರ್ಕಿನ 8,500 ಪೌರಕಾರ್ಮಿಕರ ಕೈ ಕುಲುಕಿ, ಊರನ್ನು ಜೀವಂತ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದ್ದೇ ಅವರ ಕಲಾಕೃತಿ. ಅಲ್ಲಿನದೇ ಇನ್ನೊಬ್ಬ ಕಲಾವಿದೆ ಸುಜಾನ್ ಲೇಸಿ 1987ರ ತಾಯಂದಿರ ದಿನ ಮಿನಿಯಾಪೊಲಿಸ್‌ನಲ್ಲಿ 60 ದಾಟಿದ 430 ಹೆಂಗಸರನ್ನು ಕ್ವಿಲ್ಟಿನ ವಿನ್ಯಾಸದಲ್ಲಿ ಮೇಜುಗಳ ಸುತ್ತ ಕೂಡಿಸಿ ಮಾತಾಡಿಸಿದರು. ನೋಡಿದವರಿಗೆ ಅದು ಒಂದು ಮಧ್ಯಾಹ್ನದ ಪ್ರದರ್ಶನ, ಅದರ ಹಿಂದೆ ವರ್ಷಗಟ್ಟಲೆ ಓಡಾಟ ಇತ್ತು. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಲಾವಿದೆ ನವಜೋತ್ ಅಲ್ತಾಫ್ ಮತ್ತು ಕೊಂಡಗಾಂವ್‌ನ ಆದಿವಾಸಿ ಕಲಾವಿದರು ಛತ್ತೀಸ್‌ಗಢದ ಬಸ್ತರದಲ್ಲಿ ಕಟ್ಟಿದ ನಲ್ಪಾರ್, ಅಂದರೆ ಕೈಪಂಪಿನ ಕಟ್ಟೆಗಳು. ಅಲ್ಲಿ ತುಂಬಿದ ಕೊಡವನ್ನು ಇಡಲು ಒಂದು ಎತ್ತರದ ಜಗಲಿ ಇದೆ. ನೆಲದಿಂದ ಒಮ್ಮೆಗೇ ತಲೆಗೆ ಎತ್ತುವ ಬದಲು, ನಡುವೆ ಅಲ್ಲಿ ಇಳಿಸಿ, ಉಸಿರು ತಗೊಂಡು, ಆಮೇಲೆ ತಲೆಗೇರಿಸಬಹುದು. ನೀರು ಹೊರುವವರ ಸೊಂಟ ಬಲ್ಲವರು ಕೂತು ಮಾತಾಡಿದ್ದರಿಂದ ಆ ಜಗಲಿ ಬಂತು. ಅರ್ಜಿಯಲ್ಲಿ ದೊಡ್ಡ ಮಾತು ಬೇಡ. ಯಾವ ತೀರ್ಮಾನ ಯಾರು ತಗೊಂಡರು, ಬದಲಿ ಆಳಿನ ವ್ಯವಸ್ಥೆ ಹೇಗೆ, ಯಾರ ಹೆಸರು ಎಲ್ಲಿ ಬರುತ್ತದೆ, ಇದನ್ನು ಬರೆಯಿರಿ. ಹೆಸರು ಹಾಕಿಸಿಕೊಳ್ಳಲು ಒಪ್ಪಿದವರೆಲ್ಲರದ್ದೂ ಒಂದೇ ಸಾಲಿನಲ್ಲಿ, ನಿಮ್ಮದೂ ಅದರಲ್ಲೇ.

ಕೌದಿ ಯಾರದ್ದು ಎಂಬುದನ್ನು ಕತ್ತರಿ ಹಾಕುವ ಮೊದಲೇ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಮಾರುವಂತಿಲ್ಲ, ಹರಾಜಿಲ್ಲ, ಹೊರಗೆ ತೋರಿಸಬೇಕಾದರೆ ಹನ್ನೆರಡು ಮಂದಿಯೂ ಒಪ್ಪಬೇಕು. ಪದರ ಹಾಸುವ ದಿನದವರೆಗೆ ಯಾರು ಬೇಕಾದರೂ ತಮ್ಮ ಬಟ್ಟೆ ವಾಪಸ್ ಪಡೆಯಬಹುದು. ಹೊಲಿದ ಮೇಲೆ ಮನಸ್ಸು ಬದಲಾದರೆ ಬಿಚ್ಚುವುದು ಕಷ್ಟ, ಪಕ್ಕದವರ ತುಂಡೂ ಸಡಿಲವಾಗುತ್ತದೆ. ಆದರೆ ತುಂಡಿನ ಮೇಲೆ ತುಂಡು ಹಚ್ಚುವುದು ಕೌದಿಯ ಹಳೆಯ ರೂಢಿ, ಬೇಡವಾದ ಮಾತನ್ನು ಹಾಗೆ ಮುಚ್ಚಬಹುದು.

ತೋರಿಸುವ ದಿನ ಗೋಡೆಗೆ ತೂಗುಹಾಕುವುದಕ್ಕಿಂತ ಹೊರಸಿನ ಮೇಲೆ ಹಾಸಿ, ಜನ ಮುಟ್ಟಲಿ, ಅಂಚು ಎತ್ತಿ ಹಿಂಬದಿಯ ಹೊಲಿಗೆ ನೋಡಲಿ. ತೂಗುಹಾಕಲೇಬೇಕಾದರೆ ಹಿಂದೆ ಮೇಲಂಚಿಗೆ ನಾಲ್ಕು ಇಂಚಿನ ಬಟ್ಟೆಯ ಕೊಳವೆ ಹೊಲಿದು ಬಿದಿರು ತೂರಿಸಿ. ಮೊಳೆ, ಕ್ಲಿಪ್ಪು ಹಾಕಿದರೆ ಸವೆದ ಸೀರೆ ಆ ಭಾರಕ್ಕೆ ಅಲ್ಲೇ ಹರಿಯುತ್ತದೆ. ಸಮಯ ಆಗಲೂ ಎರಡೂವರೆಯಿಂದ ನಾಲ್ಕೂವರೆಯೇ. ಶಾಲು ಹೊದಿಸುವ ಸನ್ಮಾನ, ವೇದಿಕೆ, ಅತಿಥಿಗಳ ಭಾಷಣ ಇಟ್ಟರೆ ಅವರ ಎರಡು ತಾಸು ಅಲ್ಲೇ ಮುಗಿಯಿತು.

ಆಮೇಲೆ ಕೌದಿ ಮನೆಯಿಂದ ಮನೆಗೆ ಹೋಗಲಿ, ತಿಂಗಳಿಗೊಂದು ಮನೆ, ವರ್ಷಕ್ಕೆ ಹನ್ನೆರಡು. ಜೊತೆಗೆ ಒಂದು ಚೀಲದಲ್ಲಿ ಸೂಜಿ, ಅದೇ ಬಣ್ಣದ ನೂಲು, ಉಳಿದ ಬಟ್ಟೆಯ ತುಂಡುಗಳು. ತಣ್ಣೀರಲ್ಲಿ ಒಗೆಯಿರಿ, ಹಿಂಡಬೇಡಿ, ನೆರಳಲ್ಲಿ ಅಡ್ಡಡ್ಡ ಹರವಿ. ಸಡಿಲಾದ ಹೊಲಿಗೆಯನ್ನು ಆ ತಿಂಗಳ ಮನೆಯವರೇ ಹಾಕಿ ಮುಂದಿನ ಮನೆಗೆ ಕೊಡಲಿ. ಮೊದಲ ಮನೆ ಯಾವುದು ಎಂಬುದಕ್ಕೂ ಚೀಟಿ ಎತ್ತಿ.